ಟಾಮ್‌ನ ಪ್ರಾರ್ಥನೆ, ಲೋಕರ್‌ನ ಹಾಸಿಗೆ

ಅಮೆರಿಕದ ಕಪ್ಪು ಜನರ ನಡುವೆ ಯಾರನ್ನಾದರೂ ‘ಅಂಕಲ್ ಟಾಮ್’ ಎಂದರೆ ಅದು ಬೈಗುಳ. ಬಿಳಿಯರ ಮುಂದೆ ನಡು ಬಗ್ಗಿಸುವವನು ಎಂದರ್ಥ. ಹ್ಯಾರಿಯೆಟ್ ಬೀಚರ್ ಸ್ಟೋವ್ ಅವರ ‘ಅಂಕಲ್ ಟಾಮ್ಸ್ ಕ್ಯಾಬಿನ್’ (1852) ಓದದವರಿಗೂ ಈ ಮಾತು ಗೊತ್ತು. ಕಾದಂಬರಿಯಲ್ಲಿ ಸಿಗುವವನು ಬೇರೆಯೇ ಮನುಷ್ಯ: ಅಗಲ ಎದೆಯ, ಗಟ್ಟಿಮುಟ್ಟಾದ, ಇನ್ನೂ ಎಳೆಯ ಮಕ್ಕಳಿರುವ ಗಂಡಸು. ಅವನನ್ನು ಕುಗ್ಗಿದ ಮುದುಕನನ್ನಾಗಿ ಮಾಡಿದ್ದು ಆಮೇಲೆ ಊರೂರು ತಿರುಗಿದ ನಾಟಕ ತಂಡಗಳು.

ಸೈಮನ್ ಲೆಗ್ರಿಯ ಹತ್ತಿ ತೋಟದಲ್ಲಿ ಟಾಮ್ ಮೊದಲು ಏಟು ತಿನ್ನುವುದು ಪ್ರಾರ್ಥನೆ ಮಾಡಿದ್ದಕ್ಕಲ್ಲ, ಜೊತೆಯ ಗುಲಾಮ ಹೆಂಗಸಿಗೆ ಚಾವಟಿಯಿಂದ ಹೊಡೆಯಲು ಒಲ್ಲೆನೆಂದದ್ದಕ್ಕೆ. ಸಾಯುವುದು, ಕ್ಯಾಸಿ ಮತ್ತು ಎಮ್ಮೆಲಿನ್ ಎಲ್ಲಿ ಅಡಗಿದ್ದಾರೆಂದು ಗೊತ್ತಿದ್ದೂ ಬಾಯಿ ಬಿಡದ್ದಕ್ಕೆ. ಕುಡಿದು ಬಿದ್ದಿರುವ ಲೆಗ್ರಿಯನ್ನು ಕೊಡಲಿಯಿಂದ ಮುಗಿಸೋಣ ಎಂದು ಕ್ಯಾಸಿ ಕರೆದಾಗ ಅವನು ತಡೆಯುತ್ತಾನೆ, ನಿಜ. ರಕ್ತ ಹರಿಸದೆ ತಪ್ಪಿಸಿಕೊಳ್ಳಲಾದರೆ ಹೋಗು ಎಂದು ಅವಳಿಗೆ ಹೇಳುವವನೂ ಅವನೇ. ಇದನ್ನು ವಿಧೇಯತೆ ಎನ್ನಲು ನನಗಂತೂ ಬಾಯಿ ಬರುವುದಿಲ್ಲ.

ಸಾವಿನ ದೃಶ್ಯದಲ್ಲಿ ಸ್ಟೋವ್ ಒಂದನ್ನು ಚೆನ್ನಾಗಿ ಕಂಡಿದ್ದಾರೆ, ಇನ್ನೊಂದನ್ನು ಕೆಡಿಸಿದ್ದಾರೆ. ನೀವು ಕಾಯಿಲೆ ಬಿದ್ದರೆ ನಿಮಗಾಗಿ ನನ್ನ ರಕ್ತವನ್ನೇ ಕೊಟ್ಟೇನು ಎಂದು ಟಾಮ್ ಹೇಳುತ್ತಾನೆ. ಲೆಗ್ರಿ ಒಂದು ಗಳಿಗೆ ಸುಮ್ಮನಾಗುತ್ತಾನೆ. ಗಡಿಯಾರದ ಸದ್ದಷ್ಟೇ ಕೇಳುತ್ತದೆ. ಆಮೇಲೆ ಸಿಟ್ಟು ಇಮ್ಮಡಿಯಾಗಿ ಮರಳುತ್ತದೆ. ಅವನ ತಾಯಿಯೂ ಅವನನ್ನು ಕ್ಷಮಿಸಿಯೇ ಸತ್ತವಳು. ಅವಳು ಬಿಟ್ಟುಹೋದ ಕೂದಲ ಎಳೆಯ ನೆನಪೂ ಅವನಿಗೆ ದಿಗಿಲು. ಕ್ಷಮೆ ಕೆಲವರನ್ನು ಕರಗಿಸುವುದಿಲ್ಲ, ಹೆದರಿಸುತ್ತದೆ ಎಂಬುದನ್ನು ಇಷ್ಟು ಸ್ಪಷ್ಟವಾಗಿ ನೋಡಿದ ಲೇಖಕಿ, ಟಾಮ್‌ಗೆ ಹೊಡೆದ ಸ್ಯಾಂಬೊ, ಕ್ವಿಂಬೊರನ್ನು ಮಾತ್ರ ಕೆಲವೇ ಸಾಲುಗಳಲ್ಲಿ ಅಳಿಸಿ, ಯೇಸುವಿನ ಕಡೆಗೆ ತಿರುಗಿಸಿಬಿಡುತ್ತಾರೆ. ಏನವಸರವೋ.

1949ರ ಪ್ರಬಂಧದಲ್ಲಿ ಜೇಮ್ಸ್ ಬಾಲ್ಡ್‌ವಿನ್ ಈ ಕಾದಂಬರಿಯನ್ನು ಕಟುವಾಗಿ ಟೀಕಿಸಿದರು. ಅವರ ಸಿಟ್ಟಿಗೆ ಕಾರಣ ಪುಸ್ತಕದೊಳಗೇ ಇದೆ. ಬಿಳಿಯನೆಂದು ನಂಬಿಸಬಲ್ಲ ಮೈಬಣ್ಣದ ಜಾರ್ಜ್ ಹ್ಯಾರಿಸ್ ಕೈಗೆ ಪಿಸ್ತೂಲು ಸಿಗುತ್ತದೆ, ಕಡುಗಪ್ಪು ಬಣ್ಣದ ಟಾಮ್‌ಗೆ ಪ್ರಾರ್ಥನೆ. ಟಾಮ್‌ನ ನಂಬಿಕೆ ಅವನದೇ ಆಯ್ಕೆ ಎಂದು ಎಷ್ಟು ವಾದಿಸಿದರೂ ಈ ಹಂಚಿಕೆ ಲೇಖಕಿಯದು.

ಹಗೆಗೆ ಪ್ರೀತಿಯ ಉತ್ತರ ಇದೇ ಪುಸ್ತಕದಲ್ಲಿ ಇನ್ನೊಂದು ಕಡೆ ಇದೆ. ವಿಮರ್ಶಕರು ಅಲ್ಲಿ ಹೆಚ್ಚು ಹೊತ್ತು ನಿಲ್ಲುವುದಿಲ್ಲ. ಗುಲಾಮರನ್ನು ಹಿಡಿದುಕೊಡುವ ಟಾಮ್ ಲೋಕರ್ ಜಾರ್ಜ್ ದಂಪತಿಯನ್ನು ಬೆನ್ನಟ್ಟಿ ಬಂಡೆಗಳನ್ನು ಏರುತ್ತಾನೆ. ಜಾರ್ಜ್ ಗುಂಡು ಹಾರಿಸುತ್ತಾನೆ, ಕ್ವೇಕರ್ ಪಂಥದ ಫಿನಿಯಸ್ ಅವನನ್ನು ಕೆಳಕ್ಕೆ ನೂಕುತ್ತಾನೆ. ಜೊತೆಗಾರರು ಲೋಕರ್‌ನನ್ನು ಅಲ್ಲೇ ಬಿಟ್ಟು ಓಡುತ್ತಾರೆ. ಎತ್ತಿಕೊಂಡು ಹೋಗಿ ಶುಚಿಯಾದ ಹಾಸಿಗೆಯಲ್ಲಿ ಮಲಗಿಸಿ ಆರೈಕೆ ಮಾಡುವವರು ಕ್ವೇಕರರು. ಇಲ್ಲಿ ಕರುಣೆ ಬರುವುದು ದಾಳಿ ನಿಂತ ಮೇಲೆ. ಯಾರೂ ಏಟು ತಿನ್ನುತ್ತಾ ಕ್ಷಮಿಸಬೇಕಾಗಿಲ್ಲ.

ಲೋಕರ್ ಕೊನೆಗೂ ಕ್ವೇಕರ್ ಆಗುವುದಿಲ್ಲ. ಅವರ ಉಪದೇಶ ತನಗೆ ಹತ್ತಲಿಲ್ಲ, ಸಾರು ಮಾತ್ರ ಚೆನ್ನಾಗಿತ್ತು ಎನ್ನುವ ಧಾಟಿಯವನು. ಹಳೆಯ ಕಸುಬು ಬಿಟ್ಟು ಕರಡಿ, ತೋಳ ಹಿಡಿಯಲು ಹೋಗುತ್ತಾನೆ. ಅದಕ್ಕೂ ಮೊದಲು, ಸ್ಯಾಂಡಸ್ಕಿಯ ದೋಣಿಕಟ್ಟೆಯಲ್ಲಿ ನಿಮಗಾಗಿ ಕಾವಲಿದೆ ಎಂದು ಎಚ್ಚರಿಸುತ್ತಾನೆ. ಎಲೈಜಾ ಕೂದಲು ಕತ್ತರಿಸಿ, ಗಂಡಸಿನ ಉಡುಪು ತೊಟ್ಟು ಕೆನಡಾಕ್ಕೆ ದಾಟುವುದು ಆ ಸುಳಿವಿನಿಂದ.