ಅಗಲಿಕೆಗೆ ಮುನ್ನಿನ ವಿರಹ

ವಿರಹವೆಂದರೆ ಅಗಲಿದ ಮೇಲಿನ ದುಃಖವೆಂದೇ ನಾವು ಸಾಮಾನ್ಯವಾಗಿ ಭಾವಿಸುತ್ತೇವೆ. ಸ್ಪ್ಯಾನಿಷ್ ಭಾಷೆಯ ‘ಬೊಲೆರೊ’ ಎಂಬ ಪ್ರೇಮಗೀತೆಗಳನ್ನು ಕೇಳಿದಾಗ ಈ ಎಣಿಕೆಯನ್ನು ತಿದ್ದಿಕೊಳ್ಳಬೇಕಾಗುತ್ತದೆ. ಹತ್ತೊಂಬತ್ತನೆಯ ಶತಮಾನದ ಕೊನೆಯಲ್ಲಿ ಕ್ಯೂಬಾದಲ್ಲಿ ಹುಟ್ಟಿ, ಮೆಕ್ಸಿಕೊದಲ್ಲಿ ಬೆಳೆದು, ಲ್ಯಾಟಿನ್ ಅಮೆರಿಕವನ್ನೆಲ್ಲ ವ್ಯಾಪಿಸಿದ ಈ ಪ್ರಕಾರದಲ್ಲಿ ಅಗಲಿಕೆಗಿಂತ ಅದರ ಭಯವೇ ಹೆಚ್ಚು ಕಾಡುತ್ತದೆ.

ಮೆಕ್ಸಿಕೊದ ಪಿಯಾನೊ ವಾದಕಿ ಕೊನ್ಸುಎಲೊ ವೆಲಾಸ್ಕೆಸ್ 1940ರ ಸುಮಾರಿಗೆ ರಚಿಸಿದ ‘ಬೇಸಮೆ ಮೂಚೊ’ ಇದಕ್ಕೆ ಒಳ್ಳೆಯ ನಿದರ್ಶನ. ಅದನ್ನು ಬರೆದಾಗ ಮುತ್ತಿನ ಅನುಭವವೇ ತಮಗಿರಲಿಲ್ಲವೆಂದು ಅವರು ಮುಂದೆ ಹೇಳಿಕೊಂಡದ್ದುಂಟು. ಹಾಡಿನಲ್ಲಿ ಪ್ರಿಯಜೀವ ಎದುರಿಗೇ ಇದೆ. ಆದರೂ ಆ ಸಾಮೀಪ್ಯವೇ ಕಡೆಯದಾದೀತೆಂಬ ತಳಮಳ. ಇನ್ನೂ ಒಂದು ಸೂಕ್ಷ್ಮವಿದೆ: ಕಳೆದುಕೊಳ್ಳುವ ಭಯವನ್ನು ತೋಡಿಕೊಳ್ಳುವ ಜೀವವೇ ನಾಳೆ ದೂರ ಸಾಗಬಹುದು. ಆದುದರಿಂದ ಇಲ್ಲಿ ಕೈಬಿಟ್ಟವರ ಮೇಲಿನ ದೂರಿಲ್ಲ. ಇಬ್ಬರನ್ನೂ ಅಗಲಿಸುವ ಕಾಲದ ಮುಂದಿನ ಅಸಹಾಯಕತೆಯಿದೆ. ಮಹಾಯುದ್ಧದ ನಡುವೆ, 1944ರಲ್ಲಿ, ಇದರ ಇಂಗ್ಲಿಷ್ ರೂಪ ಅಮೆರಿಕದ ಮನೆಮಾತಾದುದು ನಮಗೆ ಆಶ್ಚರ್ಯವೆನಿಸುವುದಿಲ್ಲ.

ಹಾಡುವವರು ಗಂಡೋ ಹೆಣ್ಣೋ ಎಂಬುದನ್ನು ಈ ಗೀತೆಯ ಯಾವ ಪದವೂ ಬಿಟ್ಟುಕೊಡುವುದಿಲ್ಲ. ಮರಾಠಿಯಲ್ಲಿ ‘ನಾನು ಹೋಗುತ್ತೇನೆ’ ಎನ್ನುವಾಗಲೇ ಲಿಂಗ ಬಯಲಾಗುತ್ತದೆ, ಕನ್ನಡದಲ್ಲಿ ಹಾಗಿಲ್ಲ. ಎರಡು ಭಾಷೆಗಳ ನಡುವೆ ಬಾಳುವ ನಮಗೆ ಈ ಅನುಕೂಲದ ಬೆಲೆ ಬೇಗ ತಿಳಿಯುತ್ತದೆ. ಒಂದೇ ಅಳಲನ್ನು ಯಾರು ಬೇಕಾದರೂ ತಮ್ಮದಾಗಿಸಿಕೊಳ್ಳಬಹುದು.

ರೊಬೆರ್ತೊ ಕಾಂತೊರಾಲ್ ಅವರ ‘ಎಲ್ ರೆಲೋಖ್’ ಗೀತೆಯಲ್ಲಿ ಅಗಲಿಕೆ ಖಚಿತ. ಬೆಳಗಾದರೆ ಆಕೆ ಹೊರಡುವಳು. ಪ್ರೇಮಿ ಬೇಡಿಕೊಳ್ಳುವುದು ಗಡಿಯಾರವನ್ನು. ಕಲ್ಪನೆ ಸುಂದರವಾದರೂ ಆಕೆ ಏಕೆ ಹೊರಟಳೆಂಬ ಪ್ರಶ್ನೆ ಅಲ್ಲಿ ಏಳುವುದೇ ಇಲ್ಲ. ಬೊಲೆರೊದ ಮಿತಿಯನ್ನು ನಾವು ಕಾಣುವುದು ಇಲ್ಲಿಯೇ. ಕಳೆದುಕೊಳ್ಳುವ ಭಯ ಕೆಲವೊಮ್ಮೆ ಎದುರಿನ ಜೀವದ ಮಾತಿಗೆ ಕಿವುಡಾಗಿಬಿಡುತ್ತದೆ. ಮೊದಲ ಗೀತೆ ಇದರಿಂದ ಪಾರಾದುದು, ಹೋಗುವವರ ಮತ್ತು ಉಳಿಯುವವರ ಸಂಕಟವನ್ನು ಒಂದೇ ಕೊರಳಲ್ಲಿ ಹಿಡಿದುದರಿಂದ.

ಪ್ರಿಯರ ಸನ್ನಿಧಿಯಲ್ಲಿಯೇ ವಿರಹವನ್ನು ಅನುಭವಿಸುವ ಸ್ಥಿತಿಯನ್ನು ಹದಿನಾರನೆಯ ಶತಮಾನದ ರೂಪಗೋಸ್ವಾಮಿ ‘ಪ್ರೇಮವೈಚಿತ್ತ್ಯ’ವೆಂದು ಕರೆದರು. ಅವರಿಗೆ ಅದು ಕೃಷ್ಣಭಕ್ತಿಯ ಉತ್ಕಟ ಭಾವ. ಬೊಲೆರೊದಲ್ಲಿ ಅದು ಸಾಮಾನ್ಯ ಮನುಷ್ಯರ ಒಂದು ರಾತ್ರಿಯ ಭಯ. ಹೆಸರು ಒಂದಾದರೂ ನೆಲೆ ಬೇರೆ. ಕೂಡಿರುವಾಗಲೇ ಅಗಲಿಕೆಯನ್ನು ನೆನೆದವರು ಕೂಡಿದ ಗಳಿಗೆಯ ಬೆಲೆಯನ್ನು ಅರಿತವರೆಂಬುದನ್ನು ಮಾತ್ರ ಎರಡೂ ನಮಗೆ ತಿಳಿಸುತ್ತವೆ.