ಹೆಸರು ತೆಗೆದ ಹಸ್ತಪ್ರತಿ

ಕೆಲವು ವರ್ಷಗಳ ಹಿಂದೆ ಒಬ್ಬ ತರುಣ ಲೇಖಕನ ಆತ್ಮಕತೆಗೆ ನಾನು ಮುನ್ನುಡಿ ಬರೆದೆ. ಅದರಲ್ಲಿ ಹೀಗೊಂದು ಮಾತಿದೆ: ಈ ಲೇಖಕ ವ್ಯಕ್ತಿದ್ವೇಷವನ್ನು ದಾಟಿದ್ದಾನೆ, ನೋಯಿಸಿದವರನ್ನು ಹೆಸರಿಸದೆ ಇಡೀ ವ್ಯವಸ್ಥೆಯನ್ನೇ ಪ್ರತಿಮೆಯಾಗಿಸಿದ್ದಾನೆ. ಬರೆದಾಗ ಈ ಸಾಲಿನ ಬಗ್ಗೆ ನನಗೆ ಸ್ವಲ್ಪ ಹೆಮ್ಮೆಯೇ ಇತ್ತು. ಪುಸ್ತಕ ಬಂದು ಆರು ತಿಂಗಳಾದ ಮೇಲೆ ಹುಡುಗ ಮನೆಗೆ ಬಂದು ಎರಡು ನೋಟ್‌ಬುಕ್ಕು ಮುಂದಿಟ್ಟ. ‘ಇದು ಮೊದಲನೇದು ಸಾರ್. ನೀವು ನೋಡಿದ್ದು ಆಮೇಲಿಂದು’ ಅಂದ.

ಮೊದಲನೇದರಲ್ಲಿ ಎಲ್ಲ ಹೆಸರೂ ಇದ್ದವು. ಅವನನ್ನು ಬಾಗಿಲ ಹೊರಗೆ ಕೂರಿಸಿ, ಸ್ಲೇಟನ್ನು ಕೋಲಿನಿಂದ ತಳ್ಳುತ್ತಿದ್ದ ಮೇಷ್ಟ್ರ ಹೆಸರು. ಕೇರಿಯವರಿಗೆ ಬೇರೆ ಲೋಟ ಇಟ್ಟಿದ್ದ ಹೋಟೆಲಿನ ಹೆಸರು. ಅಪ್ಪನಿಗೆ ಸರ್ಕಾರದಿಂದ ಮಂಜೂರಾಗಿದ್ದ 2 ಎಕರೆ ಜಮೀನನ್ನು ಬರೆಸಿಕೊಂಡವರ ಹೆಸರು. ಪ್ರಕಾಶಕರು ಇದನ್ನು ಒಬ್ಬ ವಕೀಲರಿಗೆ ತೋರಿಸಿದರಂತೆ. ವಕೀಲರು ಕೆಂಪು ಶಾಯಿಯಲ್ಲಿ ಗುರುತು ಹಾಕಿದರು. ಮೇಷ್ಟ್ರು ‘ಒಬ್ಬ ಮೇಷ್ಟ್ರು’ ಆದರು, ಹೋಟೆಲು ‘ಒಂದು ಹೋಟೆಲು’ ಆಯಿತು, ಜಮೀನು ನುಂಗಿದವರು ‘ಊರಿನ ಒಬ್ಬ ಹಿರಿಯರು’ ಆದರು. ನಾನು ಪ್ರತಿಮೆ ಅಂತ ಕರೆದದ್ದು ಈ ಕೆಂಪು ಶಾಯಿಯನ್ನು.

ಇದಕ್ಕಿಂತ ನಾಚಿಕೆಯ ಸಂಗತಿ ಇನ್ನೊಂದಿದೆ. ಮದುವೆ ಮನೆಯ ಹಿತ್ತಲಲ್ಲಿ ಎಂಜಲೆಲೆಯಿಂದ ಅನ್ನ ಬಳಿದು ತಂದ ಅವನ ತಾಯಿಯ ಹೆಸರು ಹಾಗೇ ಉಳಿದಿತ್ತು. ಗಂಡ ಬಿಟ್ಟ ಅಕ್ಕನ ಹೆಸರು, ಕುಡಿದು ಬೀದಿಯಲ್ಲಿ ಬಿದ್ದ ಚಿಕ್ಕಪ್ಪನ ಹೆಸರು ಹಾಗೇ ಉಳಿದಿದ್ದವು. ಇವರ ಮಾನ ಹೋದೀತು ಅಂತ ವಕೀಲರಿಗೆ ಹೊಳೆಯಲಿಲ್ಲ, ಪ್ರಕಾಶಕರಿಗೂ ಹೊಳೆಯಲಿಲ್ಲ. ಕೇರಿಯಲ್ಲೇ ಹುಟ್ಟಿ ಬೆಳೆದ ನನಗೂ ಹೊಳೆಯಲಿಲ್ಲ.

ಆಮೇಲೆ ನಾನೇ ಕಾನೂನಿನ ಪುಸ್ತಕ ಹಿಡಿದು ಕೂತೆ. 1860ರ ಭಾರತ ದಂಡ ಸಂಹಿತೆಯಲ್ಲಿ ಮಾನನಷ್ಟದ್ದು 499ನೇ ಕಲಮು. 2024ರ ಜುಲೈ 1ರಿಂದ ಅದು ಭಾರತೀಯ ನ್ಯಾಯ ಸಂಹಿತೆಯ 356. ಸಂಖ್ಯೆ ಬದಲಾಗಿದೆ, ಎರಡು ವರ್ಷದವರೆಗಿನ ಸಾದಾ ಸಜೆ, ದಂಡ, ಇವುಗಳ ಜೊತೆಗೆ ಸಮುದಾಯ ಸೇವೆ ಅನ್ನೋ ಇನ್ನೊಂದು ದಾರಿ ಸೇರಿದೆ. ಒಳಗಿನ ಮಾತು ಬಹುಪಾಲು ಅದೇ. ಅದರ ನಾಲ್ಕನೇ ವಿವರಣೆಯನ್ನು ದಲಿತ ವಿಮರ್ಶಕರು ಒಂದು ಸಾಹಿತ್ಯ ಪಠ್ಯದ ಹಾಗೆ ಓದಬೇಕು. ಒಬ್ಬನ ಮಾನ ಯಾವಾಗ ಹೋಗುತ್ತದೆ? ಬೇರೆಯವರ ಕಣ್ಣಿನಲ್ಲಿ ಅವನ ನಡತೆ ಅಥವಾ ಬುದ್ಧಿ ಕೀಳಾದಾಗ; ಅವನ ಜಾತಿಯ ಇಲ್ಲವೆ ಕಸುಬಿನ ಸಂಬಂಧದಲ್ಲಿ ಅವನ ಯೋಗ್ಯತೆ ಇಳಿದಾಗ; ಅವನ ಮೇಲೆ ಸಾಲದ ನಂಬಿಕೆ ಹೋದಾಗ; ಅವನ ಮೈ ಹೇಸಿಗೆ ಹುಟ್ಟಿಸುವ ಸ್ಥಿತಿಯಲ್ಲಿದೆ ಅಂತ ಜನ ನಂಬುವಂತೆ ಮಾಡಿದಾಗ.

ಜಾತಿ, ಕಸುಬು, ಸಾಲ, ಮೈ. ಕೇರಿಯ ಮನುಷ್ಯ ಈ ನಾಲ್ಕರಲ್ಲೂ ಹುಟ್ಟುವ ಮೊದಲೇ ಇಳಿದು ಹೋಗಿದ್ದಾನೆ ಅಂತ ಊರು ತೀರ್ಮಾನ ಮಾಡಿರುತ್ತದೆ. ಇಳಿಯೋದಕ್ಕೆ ಮೊದಲು ಮೇಲೆ ಇರಬೇಕಲ್ಲ? ಮಾನವನ್ನು ‘ಬೇರೆಯವರ ಕಣ್ಣು’ ಅಳೆಯುವುದಾದರೆ, ಆ ಕಣ್ಣು ಯಾರದು ಅನ್ನೋದೇ ನಮ್ಮ ಪ್ರಶ್ನೆ. ಮುಟ್ಟಿದರೆ ಮೈಲಿಗೆ ಅಂತ ದಿನಾ ನಡೆದುಕೊಂಡ ಊರಿನ ಮೇಲೆ ಮಾನನಷ್ಟ ಹೂಡುವ ಯೋಚನೆ ಯಾರಿಗೂ ಬರೋದಿಲ್ಲ. ನಮ್ಮ ಅವಮಾನಕ್ಕೆ ಬೇರೆಯೇ ಕಾನೂನು ಬೇಕಾಯಿತು, 1989ರ ದೌರ್ಜನ್ಯ ತಡೆ ಕಾಯಿದೆ. ಅಲ್ಲೂ ಅವಮಾನ ಸಾರ್ವಜನಿಕರ ಕಣ್ಣಿಗೆ ಬೀಳುವ ಜಾಗದಲ್ಲಿ ಆಗಿರಬೇಕು. ಹೊರಗಿನವರು ಯಾರೂ ಇಲ್ಲದ ನಾಲ್ಕು ಗೋಡೆಯೊಳಗೆ ಬೈದರೆ ಆ ಕಲಮು ಅನ್ವಯಿಸದು ಅಂತ 2020ರಲ್ಲಿ ಸುಪ್ರೀಂ ಕೋರ್ಟು ಹೇಳಿತು. ಬೈಗುಳದ ಬಹುಪಾಲು ಕೊಟ್ಟಿಗೆ, ಹಿತ್ತಲು, ಜಗಲಿಯ ಮರೆಯಲ್ಲಿ ಕೇಳಿಸಿಕೊಂಡವರು ನಾವು.

‘ಆದರೆ ನಾನು ಬರೆದದ್ದು ಸತ್ಯ ಅಲ್ವಾ ಸಾರ್?’ ಅಂತ ಹುಡುಗ ಕೇಳಿದ. ಸಿವಿಲ್ ದಾವೆಯಲ್ಲಿ ಸತ್ಯ ಒಂದೇ ಸಾಕು. ಕ್ರಿಮಿನಲ್ ಮೊಕದ್ದಮೆಯಲ್ಲಿ ಸಾಲದು. ಮೊದಲನೇ ವಿನಾಯಿತಿ ಹೇಳೋದು ಸತ್ಯವೂ ಆಗಿರಬೇಕು, ಲೋಕಹಿತಕ್ಕಾಗಿಯೂ ಇರಬೇಕು ಅಂತ. ಎರಡನ್ನೂ ತೋರಿಸಿಕೊಡುವ ಹೊರೆ ಆರೋಪಿಯ ಮೇಲೆ. 35 ವರ್ಷದ ಹಿಂದೆ ಸ್ಲೇಟನ್ನು ಕೋಲಿನಿಂದ ತಳ್ಳಿದ್ದಕ್ಕೆ ಸಾಕ್ಷಿ ಯಾರು? ಜೊತೆಗೆ ಕೂತಿದ್ದ ಹುಡುಗರಲ್ಲಿ ಇಬ್ಬರು ಸತ್ತಿದ್ದಾರೆ, ಒಬ್ಬ ಅದೇ ಮೇಷ್ಟ್ರ ತಮ್ಮನ ತೋಟದಲ್ಲಿ ಕೂಲಿ. ಕೊನೆಗೆ ಗೆದ್ದರೂ ಅಲ್ಲಿಯವರೆಗೆ ಬಸ್ಸು ಹಿಡಿದು ಕೋರ್ಟಿಗೆ ಅಲೆಯುವ ದಿನಗಳ ಕೂಲಿಯನ್ನು ಯಾವ ವಿನಾಯಿತಿಯೂ ಕೊಡುವುದಿಲ್ಲ.

ಇಷ್ಟು ಹೇಳಿ ಕಾನೂನನ್ನೇ ಬಿಸಾಡಿ ಅಂತ ನಾನು ಹೇಳಲಾರೆ. ಪಂಚಾಯ್ತಿಗೆ ಆರಿಸಿ ಬಂದ ನಮ್ಮ ಹೆಣ್ಣುಮಗಳ ನಡತೆಯ ಮೇಲೆ ಕರಪತ್ರ ಹಂಚಿದರೆ ಅವಳಿಗೂ ಒಂದು ಬಾಗಿಲು ಬೇಕು. ಮಾನ ಬದುಕುವ ಹಕ್ಕಿನ ಭಾಗ ಅಂತ ಹೇಳಿ ಸುಪ್ರೀಂ ಕೋರ್ಟು 2016ರಲ್ಲಿ ಈ ಕಲಮನ್ನು ಎತ್ತಿಹಿಡಿಯಿತು. ಆ ಮಾತು ನಮಗೂ ಬೇಕಾದದ್ದೇ. ಆದರೆ ಅದಕ್ಕೆ ಜೈಲು ಯಾಕೆ, ಸಿವಿಲ್ ಪರಿಹಾರ ಯಾಕೆ ಸಾಲದು ಅನ್ನೋದಕ್ಕೆ ಆ ತೀರ್ಪಿನಲ್ಲಿ ನನಗೆ ಸಮಾಧಾನ ಸಿಗಲಿಲ್ಲ.

ಅಂಬೇಡ್ಕರರೂ ಈ ಕಲಮಿನ ಎದುರು ನಿಂತವರು. 1925ರಲ್ಲಿ ಪುಣೆಯ ಬ್ರಾಹ್ಮಣೇತರ ಚಳವಳಿಯ ದಿನಕರರಾವ್ ಜವಳ್ಕರ್ ‘ದೇಶಾಚೇ ದುಶ್ಮನ್’ ಅನ್ನೋ ಪುಸ್ತಕ ಬರೆದು ತಿಲಕರನ್ನೂ ವಿಷ್ಣುಶಾಸ್ತ್ರಿ ಚಿಪಳೂಣಕರರನ್ನೂ ಹೆಸರಿಟ್ಟು ಝಾಡಿಸಿದರು. ಚಿಪಳೂಣಕರ್ 1882ರಲ್ಲೇ ತೀರಿಕೊಂಡಿದ್ದರು, ತಿಲಕರು 1920ರಲ್ಲಿ. ಹತ್ತಿರದ ನೆಂಟರ ನೋವಿನ ನೆಪದಲ್ಲಿ ಸತ್ತವರ ಮಾನವನ್ನೂ ಈ ಕಾನೂನು ಕಾಯುತ್ತದೆ. ಮೊಕದ್ದಮೆ ಬಿತ್ತು. 1926ರಲ್ಲಿ ಜವಳ್ಕರ್, ಕೇಶವರಾವ್ ಜೇಧೆ ಮೊದಲಾದವರ ಪರವಾಗಿ ವಾದಿಸಿ ಗೆದ್ದವರು ಆಗಿನ್ನೂ ಎಳೆಯ ವಕೀಲರಾಗಿದ್ದ ಅಂಬೇಡ್ಕರ್. ಅವರೇ ಮುಂದೆ ಕರಡು ಸಮಿತಿಯ ಅಧ್ಯಕ್ಷರಾದಾಗ, ವಾಕ್ ಸ್ವಾತಂತ್ರ್ಯಕ್ಕೆ 19(2)ನೇ ವಿಧಿ ಹಾಕಿದ ಮಿತಿಗಳಲ್ಲಿ ಮಾನನಷ್ಟವೂ ಉಳಿಯಿತು. ಎರಡನ್ನೂ ಒಟ್ಟಿಗೆ ಇಟ್ಟುಕೊಂಡೇ ನಾವು ಯೋಚಿಸಬೇಕು.

ವಿಮರ್ಶಕರಿಗೆ ಮಾತ್ರ ಈ ಕಾನೂನು ಸಾಕಷ್ಟು ಉದಾರಿ. ಆರನೇ ವಿನಾಯಿತಿಯ ಪ್ರಕಾರ ಓದುಗರ ಮುಂದಿಟ್ಟ ಪುಸ್ತಕವನ್ನು ಪ್ರಾಮಾಣಿಕವಾಗಿ ಪೆದ್ದು ಪುಸ್ತಕ ಅನ್ನಬಹುದು. ಆ ಪುಸ್ತಕದಿಂದ ಕಾಣುವಷ್ಟರ ಮಟ್ಟಿಗೆ ಬರೆದವನನ್ನೂ ದುರ್ಬಲ ಅನ್ನಬಹುದು. ಹಾಗಿದ್ದರೆ 1973ರ ನವೆಂಬರಿನಲ್ಲಿ ಮೈಸೂರಿನಲ್ಲಿ ಬಿ. ಬಸವಲಿಂಗಪ್ಪನವರು ಕನ್ನಡ ಸಾಹಿತ್ಯದಲ್ಲಿ ಬಹಳಷ್ಟು ಬೂಸಾ ಅಂದದ್ದು ಅಪ್ಪಟ ಆರನೇ ವಿನಾಯಿತಿಯ ಮಾತು. ಅವರು ಯಾವೊಬ್ಬ ಲೇಖಕನ ಮಾನವನ್ನೂ ಕಳೆದಿರಲಿಲ್ಲ. ಅವರನ್ನು ಕೋರ್ಟಿಗೆ ಎಳೆಯಲು ಆಗುತ್ತಿರಲಿಲ್ಲ. ಬೀದಿ ಅವರನ್ನು ವಿಚಾರಣೆ ಮಾಡಿತು. ದಲಿತ ವಿದ್ಯಾರ್ಥಿಗಳು ಏಟು ತಿಂದರು, ಬಸವಲಿಂಗಪ್ಪ ಮಂತ್ರಿ ಪದವಿ ಬಿಟ್ಟರು. 1860ರ ವಸಾಹತು ಕಾನೂನು ಒಬ್ಬ ಓದುಗನಿಗೆ ಕೊಟ್ಟ ಸಲುಗೆಯನ್ನು ಕನ್ನಡ ಸಂಸ್ಕೃತಿ ಒಬ್ಬ ದಲಿತ ಓದುಗನಿಗೆ ಕೊಡಲಿಲ್ಲ. ಈಗಲೂ ನಮ್ಮ ಕೆಂಪು ಶಾಯಿಯಲ್ಲಿ ಕಾನೂನಿನ ಭಯ ಎಷ್ಟು, ಆ ಬೀದಿಯ ಭಯ ಎಷ್ಟು ಅಂತ ಬಿಡಿಸಿ ನೋಡಬೇಕು.

ಹುಡುಗನ ಪುಸ್ತಕ ಎರಡನೇ ಮುದ್ರಣಕ್ಕೆ ಹೋಗುತ್ತಿದೆ. ಮುನ್ನುಡಿಯ ಆ ಸಾಲನ್ನು ತೆಗೆಯಲು ಹೇಳಿದ್ದೇನೆ. ತಾಯಿಯ ಹೆಸರು ಬದಲಿಸೋಣವಾ ಅಂತ ಅವಳನ್ನೇ ಕೇಳಿ ಬಾ ಅಂದೆ. ‘ನನ್ ಹೆಸ್ರು ಇದ್ರೆ ಇರ್‍ಲಿ, ಅವರ್ದ್ಯಾಕಿಲ್ಲ?’ ಅಂದಳಂತೆ. 1994ರ ತೀರ್ಪೊಂದು ಅವನಿಗೆ ಸ್ವಲ್ಪ ದಾರಿ ಕೊಟ್ಟಿದೆ. ಆಟೋ ಶಂಕರ್ ಎಂಬ ಮರಣದಂಡನೆಯ ಕೈದಿಯ ಆತ್ಮಕತೆಯನ್ನು ‘ನಕ್ಕೀರನ್’ ಪತ್ರಿಕೆ ಹಾಕಲು ಹೊರಟಾಗ ಅಧಿಕಾರಿಗಳು ತಡೆಯಲು ನೋಡಿದ ಪ್ರಕರಣ ಅದು. ಮುಂಚಿತವಾಗಿ ತಡೆಯುವಂತಿಲ್ಲ, ಬೇಕಿದ್ದರೆ ಪ್ರಕಟವಾದ ಮೇಲೆ ಮೊಕದ್ದಮೆ ಹೂಡಲಿ. ಸಾರ್ವಜನಿಕ ದಾಖಲೆಯಲ್ಲಿ ಇರುವುದನ್ನು ಯಾರ ಒಪ್ಪಿಗೆಯೂ ಇಲ್ಲದೆ ಬರೆಯಬಹುದು ಅಂತ ಸುಪ್ರೀಂ ಕೋರ್ಟು ಹೇಳಿತು. ಜಮೀನಿನ ಹಳೇ ಪಹಣಿ, ಮ್ಯುಟೇಶನ್ ನಕಲಿಗಾಗಿ ಹುಡುಗ ಈಗ ತಾಲ್ಲೂಕು ಕಚೇರಿಗೆ ಅಲೆಯುತ್ತಿದ್ದಾನೆ. ಸಿಕ್ಕಿದರೆ ಆ ಒಂದು ಹೆಸರು ವಾಪಸ್ಸು ಬರುತ್ತದೆ. ಲೋಟಕ್ಕೂ ಸ್ಲೇಟಿಗೂ ಯಾವ ಕಚೇರಿಯಲ್ಲೂ ನಕಲಿಲ್ಲ.