ಏರಿದ ಗೆರೆ, ಅಲುಗದ ಗೆರೆ

ಒಂದೇ ಒಂದು ಚಿತ್ರದಿಂದ ಮನಸ್ಸಿನಲ್ಲಿ ಉಳಿದುಬಿಡುವ ಸಂಶೋಧನಾ ಲೇಖನಗಳಿವೆ. 2014ರ ನವೆಂಬರ್‌ನಲ್ಲಿ ‘ನ್ಯೂ ಇಂಗ್ಲೆಂಡ್ ಜರ್ನಲ್ ಆಫ್ ಮೆಡಿಸಿನ್’ ಪತ್ರಿಕೆಯಲ್ಲಿ ಬಂದ, ದಕ್ಷಿಣ ಕೊರಿಯಾದ ಥೈರಾಯ್ಡ್ ಕ್ಯಾನ್ಸರ್ ಕುರಿತ ಪುಟ್ಟ ಲೇಖನ ಅಂಥದ್ದು. ಬರೆದವರು ಹ್ಯೊಂಗ್ ಸಿಕ್ ಆನ್, ಹ್ಯುನ್ ಜಂಗ್ ಕಿಮ್ ಮತ್ತು ಅಮೆರಿಕದ ಗಿಲ್ಬರ್ಟ್ ವೆಲ್ಚ್. ಅವರ ನಕ್ಷೆಯಲ್ಲಿ ಎರಡು ಗೆರೆಗಳು. ಪ್ರತಿವರ್ಷ ಎಷ್ಟು ಜನರಲ್ಲಿ ಈ ಕ್ಯಾನ್ಸರ್ ಪತ್ತೆಯಾಯಿತು ಎಂದು ಹೇಳುವ ಗೆರೆ 2000ದ ಆಚೆಗೆ ಗೋಡೆ ಹತ್ತಿದ ಹಾಗೆ ಏರುತ್ತದೆ. ಎಷ್ಟು ಜನ ಸತ್ತರು ಎಂದು ಹೇಳುವ ಗೆರೆ ನೆಲಬಿಟ್ಟು ಏಳುವುದೇ ಇಲ್ಲ.

1993ಕ್ಕೆ ಹೋಲಿಸಿದರೆ 2011ರ ಪತ್ತೆಯ ಪ್ರಮಾಣ 15 ಪಟ್ಟು. ಆ ಒಂದೇ ವರ್ಷ 40,000ಕ್ಕೂ ಹೆಚ್ಚು ಕೊರಿಯನ್ನರು ತಮಗೆ ಥೈರಾಯ್ಡ್ ಕ್ಯಾನ್ಸರ್ ಇದೆ ಎಂಬ ಮಾತು ಕೇಳಿಸಿಕೊಂಡರು. ಸಾವಿನ ಗೆರೆ ಅಲುಗಲಿಲ್ಲವೆಂದರೆ ಬೆಳೆದದ್ದು ರೋಗವಲ್ಲ, ಹುಡುಕಾಟ ಎಂಬುದು ಲೇಖಕರ ವಾದ. ಕೊರಿಯಾ ಸರ್ಕಾರ 1999ರಲ್ಲಿ ಕ್ಯಾನ್ಸರ್ ತಪಾಸಣೆಯ ಯೋಜನೆ ಆರಂಭಿಸಿತು. ಥೈರಾಯ್ಡ್ ಆ ಪಟ್ಟಿಯಲ್ಲಿ ಇರಲೇ ಇಲ್ಲ. ಆದರೆ ಬಂದವರಿಗೆ ಆಸ್ಪತ್ರೆಗಳು ಮೂವತ್ತು-ಐವತ್ತು ಡಾಲರಿನಷ್ಟು ಹೆಚ್ಚುವರಿ ಹಣಕ್ಕೆ ಕತ್ತಿನ ಸ್ಕ್ಯಾನನ್ನೂ ಮಾಡಿಕೊಟ್ಟವು. ಯಾವ ಪ್ರದೇಶದಲ್ಲಿ ಹೆಚ್ಚು ಸ್ಕ್ಯಾನ್ ಆಯಿತೋ ಅಲ್ಲೇ ಹೆಚ್ಚು ಕ್ಯಾನ್ಸರ್ ಸಿಕ್ಕಿತು.

ಈ ಲೇಖನ ನನ್ನ ಮಟ್ಟಿಗೆ ಮನೆಯ ಸಂಗತಿಯಾದದ್ದು ಅತ್ತಿಗೆಯಿಂದ. ಸುಸ್ತು, ಕೂದಲುದುರುವುದು ಎಂದು ರಕ್ತ ಪರೀಕ್ಷೆ ಮಾಡಿಸಿದರು, ಟಿಎಸ್‌ಎಚ್ ಜಾಸ್ತಿ ಬಂತು, ಅಂದರೆ ಥೈರಾಯ್ಡ್ ಮಂದವಾಗಿದೆ. ಅದಕ್ಕೆ ಬೇಕಾದದ್ದು ಬೆಳಿಗ್ಗೆ ಕಾಫಿಗೆ ಮೊದಲು, ಖಾಲಿ ಹೊಟ್ಟೆಯಲ್ಲಿ ನುಂಗುವ ಒಂದು ಮಾತ್ರೆ. ಜೊತೆಗೆ ವೈದ್ಯರು ಕತ್ತಿನ ಸ್ಕ್ಯಾನನ್ನೂ ಬರೆದುಕೊಟ್ಟರು. ಹೆಗಲ ಕೆಳಗೆ ದಿಂಬು, ಹಿಂದಕ್ಕೆ ಬಾಗಿದ ಕತ್ತು, ಅದರ ಮೇಲೆ ತಣ್ಣನೆಯ ಜೆಲ್. ಬೂದು ಪರದೆಯಲ್ಲಿ ಚಿಟ್ಟೆಯ ರೆಕ್ಕೆಯಂತೆ ಎರಡು ಹಾಲೆಗಳು; ಬಲಗಡೆಯದರಲ್ಲಿ ಕಪ್ಪಗೆ ಒಂದು ಚುಕ್ಕೆ. ವೈದ್ಯರು ಎರಡು ಕಡೆ ಗುರುತು ಹಾಕಿ ಅಳತೆ ಹೇಳಿದರು, ಪಕ್ಕದ ಹುಡುಗಿ ಟೈಪ್ ಮಾಡಿದಳು: 6 ಮಿಲಿಮೀಟರ್, ಟಿರಾಡ್ಸ್ 4. ರಿಪೋರ್ಟ್ ಕೈಗೆ ಬಂದಾಗ ಅತ್ತಿಗೆ ಕೇಳಿದ್ದು ಒಂದೇ ಮಾತು: “ನಾಲ್ಕು ಅಂದ್ರೆ ನಾಲ್ಕನೇ ಸ್ಟೇಜಾ?”

ಆ ನಾಲ್ಕಕ್ಕೂ ಸ್ಟೇಜಿಗೂ ಸಂಬಂಧವಿಲ್ಲ. ಅದು ಗಂಟಿನ ರೂಪ ನೋಡಿ ಕೊಡುವ ಅನುಮಾನದ ಅಂಕಿ. ಆದರೆ ಅದು ತಿಳಿಯುವ ತನಕ ಆ ಮನೆಯಲ್ಲಿ ಯಾರಿಗೂ ಊಟ ಸೇರಲಿಲ್ಲ. ಕತ್ತು ಮುಟ್ಟಿ ನೋಡಿ ಗಂಟು ಸಿಗದಿದ್ದರೆ, ಬರೀ ಹಾರ್ಮೋನು ಏರುಪೇರಾಗಿದೆ ಎಂಬ ಕಾರಣಕ್ಕೆ ಸ್ಕ್ಯಾನ್ ಬರೆಯಬೇಡಿ ಎಂದು ಅಮೆರಿಕದ ಎಂಡೋಕ್ರೈನ್ ಸೊಸೈಟಿ 2013ರಲ್ಲೇ ವೈದ್ಯರಿಗೆ ಹೇಳಿತ್ತು. ಥೈರಾಯ್ಡ್ ಸರಿಯಾಗಿ ಕೆಲಸ ಮಾಡದಿರುವುದು ಒಂದು ತೊಂದರೆ, ಅದರಲ್ಲಿ ಗಂಟಿರುವುದು ಬೇರೆಯೇ ತೊಂದರೆ. ಮೊದಲನೆಯದನ್ನು ಹುಡುಕಿಕೊಂಡು ಹೋದವರು ಎರಡನೆಯದನ್ನು ಹೊತ್ತು ಮನೆಗೆ ಬರುತ್ತಾರೆ.

ಹುಡುಕಿದರೆ ಏಕೆ ಇಷ್ಟು ಸಿಗುತ್ತದೆ? ಉತ್ತರ 1985ರ ಫಿನ್‌ಲ್ಯಾಂಡಿನ ಒಂದು ಅಧ್ಯಯನದಲ್ಲಿದೆ. ಹರಾಕ್ ಮತ್ತು ಸಂಗಡಿಗರು 101 ಶವಪರೀಕ್ಷೆಗಳಲ್ಲಿ ಥೈರಾಯ್ಡನ್ನು ಎರಡೂವರೆ ಮಿಲಿಮೀಟರ್ ದಪ್ಪದ ಬಿಲ್ಲೆಗಳಾಗಿ ಕೊಯ್ದು ನೋಡಿದರು. ಮೂರರಲ್ಲಿ ಒಬ್ಬರಿಗಿಂತ ಹೆಚ್ಚು ಜನರಲ್ಲಿ, ಅಂದರೆ ಶೇ. 35.6ರಷ್ಟರಲ್ಲಿ, ಪ್ಯಾಪಿಲರಿ ಎಂಬ ಬಗೆಯ ಥೈರಾಯ್ಡ್ ಕ್ಯಾನ್ಸರಿನ ಸಣ್ಣ ಕುರುಹು ಸಿಕ್ಕಿತು. ಬದುಕಿದ್ದಾಗ ತೊಂದರೆ ಕೊಡದೆ ಅವರ ಜೊತೆಗೇ ಮಣ್ಣಿಗೆ ಹೋಗಬೇಕಾಗಿದ್ದ ಗಂಟುಗಳು ಅವು. ಕೊರಿಯಾದ ಸ್ಕ್ಯಾನ್ ಯಂತ್ರಗಳು ಬದುಕಿರುವವರಲ್ಲಿ ಕಂಡದ್ದು ಹೆಚ್ಚಾಗಿ ಇದನ್ನೇ.

ಕಂಡು ಸುಮ್ಮನಿದ್ದರೆ ಚಿಂತೆಯಿರಲಿಲ್ಲ. ಪತ್ತೆಯಾದ ಬಹುತೇಕ ಎಲ್ಲರಿಗೂ ಚಿಕಿತ್ಸೆಯಾಯಿತು; ಮೂರರಲ್ಲಿ ಇಬ್ಬರ ಗ್ರಂಥಿಯನ್ನು ಪೂರ್ತಿ ತೆಗೆಯಲಾಯಿತು, ಅವರಿಗೆ ಬಾಳಿನುದ್ದಕ್ಕೂ ಮಾತ್ರೆ. ಶಸ್ತ್ರಚಿಕಿತ್ಸೆಯಾದವರ ವಿಮಾ ದಾಖಲೆಗಳನ್ನು ನೋಡಿದರೆ ಶೇ. 11 ಮಂದಿಗೆ ಪ್ಯಾರಾಥೈರಾಯ್ಡ್ ಗ್ರಂಥಿ ಸೋತಿತ್ತು. ರಕ್ತದಲ್ಲಿ ಕ್ಯಾಲ್ಸಿಯಂ ಇಳಿದು ಕೈಕಾಲು ಜೋಮು ಹಿಡಿದು ಸೆಟೆದುಕೊಳ್ಳುವುದು ಇದರಿಂದಲೇ. ಶೇ. 2 ಮಂದಿಗೆ ಧ್ವನಿತಂತು ಸೋತಿತ್ತು. ಪಾಠ ಹೇಳುವ ಮೇಷ್ಟರಿಗೆ, ಹಾಡುವವರಿಗೆ, ಮಕ್ಕಳನ್ನು ಕೂಗಿ ಕರೆಯುವ ತಾಯಿಗೆ ಈ ಶೇ. 2 ಸಣ್ಣ ಸಂಖ್ಯೆಯಾಗಿ ಕಾಣಲಾರದು.

ಲೇಖನದ ದೊಡ್ಡ ಗುಣ ಅದರ ಸರಳತೆ. ಸರ್ಕಾರದ ಬಳಿ ಆಗಲೇ ಇದ್ದ ಲೆಕ್ಕಗಳನ್ನು ಪಕ್ಕಪಕ್ಕ ಇಟ್ಟು, ಕೇಳಲೇಬೇಕಾದ ಪ್ರಶ್ನೆ ಕೇಳಿದರು. ಅದೇ ವರ್ಷ ಕೊರಿಯಾದ ಎಂಟು ವೈದ್ಯರು ಈ ತಪಾಸಣೆ ಬೇಡವೆಂದು ಬಹಿರಂಗವಾಗಿ ಹೇಳಿದ್ದರು. ಚರ್ಚೆ ಮನೆಮನೆ ತಲುಪಿತು. ಒಂದು ವರ್ಷದೊಳಗೆ ಥೈರಾಯ್ಡ್ ಶಸ್ತ್ರಚಿಕಿತ್ಸೆಗಳು ಸುಮಾರು ಶೇ. 35ರಷ್ಟು ಇಳಿದವು. ಇಷ್ಟು ಬೇಗ ಜನರ ಕತ್ತಿಗೆ ಉಪಕಾರವಾದ ಸಂಶೋಧನೆ ಅಪರೂಪ.

ಆದರೆ ಇದರ ಮಿತಿಗಳನ್ನೂ ಹೇಳಲೇಬೇಕು. ರೋಗ ನಿಜವಾಗಿಯೂ ಹೆಚ್ಚಿರಬಹುದು, ಚಿಕಿತ್ಸೆಯಿಂದಲೇ ಸಾವು ನಿಂತಿರಬಹುದು ಎಂದು ಯಾರಾದರೂ ವಾದಿಸಬಹುದು. ಅದು ನಿಜವಾಗಬೇಕಾದರೆ ಏರಿದ ರೋಗವೂ ಉಳಿಸಿದ ಜೀವಗಳೂ ವರ್ಷ ವರ್ಷವೂ ತಕ್ಕಡಿಯಲ್ಲಿ ಸಮನಾಗಿ ತೂಗಬೇಕು. ನನಗೆ ಅದು ನಂಬಿಕೆಗೆ ನಿಲುಕದು. ಎರಡನೆಯ ಮಿತಿ ಹೆಚ್ಚು ಗಟ್ಟಿಯಾದದ್ದು. ಇಡೀ ದೇಶದ ಲೆಕ್ಕ ಅತ್ತಿಗೆಯ ಒಂದು ಗಂಟಿನ ಬಗ್ಗೆ ಏನೂ ಹೇಳುವುದಿಲ್ಲ. ಹೆಚ್ಚಿನವು ನಿರಪಾಯ ಎಂಬುದು ನಿಜ. ಇದು ಆ ಹೆಚ್ಚಿನವುಗಳಲ್ಲಿ ಒಂದೇ ಎಂದು ಹೇಳುವವರು ಯಾರು?

ಆ ಉತ್ತರದ ಕಡೆ ನಡೆದದ್ದು ಜಪಾನಿನ ಕೋಬೆ ನಗರದ ಕುಮಾ ಆಸ್ಪತ್ರೆ. ಅಲ್ಲಿನ ಅಕಿರಾ ಮಿಯಾಉಚಿ 1993ರಲ್ಲೇ, ಒಂದು ಸೆಂಟಿಮೀಟರಿಗಿಂತ ಚಿಕ್ಕದಾದ, ಅಪಾಯದ ಲಕ್ಷಣವಿಲ್ಲದ ಪ್ಯಾಪಿಲರಿ ಕ್ಯಾನ್ಸರನ್ನು ಕೊಯ್ಯದೆ, ಕಣ್ಣಿಟ್ಟು ಕಾಯೋಣ ಎಂದರು. ಶ್ವಾಸನಾಳಕ್ಕೆ ಅಥವಾ ಧ್ವನಿಯ ನರಕ್ಕೆ ಅಂಟಿಕೊಂಡಂತಿದ್ದರೆ ಮಾತ್ರ ಕಾಯುವುದಿಲ್ಲ. 2014ರಲ್ಲಿ ಅವರ ತಂಡ 1,235 ರೋಗಿಗಳ ಫಲ ಪ್ರಕಟಿಸಿತು: ಹತ್ತು ವರ್ಷದಲ್ಲಿ ಗಂಟು ಮೂರು ಮಿಲಿಮೀಟರಿನಷ್ಟು ಬೆಳೆದದ್ದು ಶೇ. 8 ಮಂದಿಯಲ್ಲಿ, ಕತ್ತಿನ ದುಗ್ಧಗ್ರಂಥಿಗೆ ಹರಡಿದ್ದು ಶೇ. 3.8 ಮಂದಿಯಲ್ಲಿ. ಈ ಕ್ಯಾನ್ಸರಿನಿಂದ ಯಾರೂ ಸಾಯಲಿಲ್ಲ. ವಯಸ್ಸಾದಂತೆ ಗಂಟು ಇನ್ನೂ ಸುಮ್ಮನಿರುತ್ತದೆ, ಬೆಳೆಯುವ ಸಾಧ್ಯತೆ ಚಿಕ್ಕ ವಯಸ್ಸಿನವರಲ್ಲೇ ಹೆಚ್ಚು ಎಂದೂ ತಿಳಿಯಿತು. ಕೊರಿಯಾದ ಲೇಖನ ಬೇಡದ್ದನ್ನು ನಿಲ್ಲಿಸಿ ಎಂದಿತು. ಕೋಬೆ ಅದರ ಬದಲಿಗೆ ಏನು ಮಾಡಬೇಕೆಂದು ತೋರಿಸಿತು. ನನಗೆ ಎರಡನೆಯದೇ ಹೆಚ್ಚಿನದು.

ಅದಕ್ಕೂ ಕೊರತೆಯಿದೆ. ಇದು ಚೀಟಿ ಎತ್ತಿ ರೋಗಿಗಳನ್ನು ಎರಡು ಗುಂಪಾಗಿಸಿದ ಪ್ರಯೋಗವಲ್ಲ. ಪರಿಣತರಿರುವ ಒಂದೇ ಆಸ್ಪತ್ರೆಯ ಅನುಭವ. ವರ್ಷ ತಪ್ಪದೆ ಸ್ಕ್ಯಾನಿಗೆ ಬರುವ ರೋಗಿ, ಹೋದ ಸಲದ ಅಳತೆಯನ್ನು ಎದುರಿಟ್ಟುಕೊಂಡು ನೋಡುವ ವೈದ್ಯರು, ಇಬ್ಬರೂ ಬೇಕು. ದಿನಗೂಲಿ ಬಿಟ್ಟು, ಬಸ್ ಹಿಡಿದು ಜಿಲ್ಲಾ ಕೇಂದ್ರಕ್ಕೆ ಬರಬೇಕಾದ ನಮ್ಮ ಹಳ್ಳಿಯ ಹೆಂಗಸಿಗೆ ಕಾಯುವುದೂ ಖರ್ಚಿನ ಕೆಲಸವೇ. ಕ್ಯಾನ್ಸರ್ ಎಂಬ ಪದವನ್ನು ಹೊತ್ತು ವರ್ಷಗಟ್ಟಲೆ ಬದುಕುವ ಭಾರ ಬೇರೆ. ಈ ಭಾರವನ್ನು ಅರಿತೇ 2016ರಲ್ಲಿ ನಿಕಿಫೊರೊವ್ ಮತ್ತು ಸಂಗಡಿಗರು, ಹೊದಿಕೆಯೊಳಗೇ ಉಳಿಯುವ ಒಂದು ಬಗೆಯ ಗಂಟಿನ ಹೆಸರಿನಿಂದ ಕ್ಯಾನ್ಸರ್ ಎಂಬ ಪದವನ್ನೇ ತೆಗೆದುಹಾಕಿದರು. 

ಇಷ್ಟೆಲ್ಲ ಹೇಳಿದ್ದರಿಂದ ಥೈರಾಯ್ಡ್ ಕ್ಯಾನ್ಸರಿಗೆ ಹೆದರಬೇಕಿಲ್ಲ ಎಂದು ಯಾರೂ ತಿಳಿಯಬಾರದು. 1986ರ ಚೆರ್ನೋಬಿಲ್ ದುರಂತದ ನಂತರ ವಿಕಿರಣಶೀಲ ಅಯೋಡಿನ್ ಹುಲ್ಲಿಗೆ ಬಿದ್ದು, ಹಸುವಿನ ಹಾಲಿಗೆ ಇಳಿದು, ಮಕ್ಕಳ ಕತ್ತು ಸೇರಿತು. ಅಲ್ಲಿ ರೋಗ ನಿಜವಾಗಿಯೇ ಏರಿತ್ತು. ಮೆಡ್ಯುಲರಿ, ಅನಾಪ್ಲಾಸ್ಟಿಕ್ ಎಂಬ ಬಗೆಗಳು ಕಾಯಲು ಬಿಡುವುದಿಲ್ಲ. ಕೈಗೆ ಸಿಗುವ ಗಂಟು, ವಾರಗಟ್ಟಲೆ ಒಡೆದ ದನಿ, ನುಂಗಲು ತೊಡಕು, ಚಿಕ್ಕಂದಿನಲ್ಲಿ ಕತ್ತಿಗೆ ಬಿದ್ದ ವಿಕಿರಣ, ಮನೆತನದಲ್ಲಿ ಈ ಕ್ಯಾನ್ಸರ್: ಇವುಗಳಲ್ಲಿ ಒಂದಿದ್ದರೂ ತಡಮಾಡದೆ ತೋರಿಸಬೇಕು. 2017ರಲ್ಲಿ ಅಮೆರಿಕದ ತಜ್ಞರ ಕಾರ್ಯಪಡೆ ಬೇಡವೆಂದದ್ದು, ಯಾವ ಲಕ್ಷಣವೂ ಇಲ್ಲದವರ ಕತ್ತನ್ನು ಹುಡುಕುವುದನ್ನು.

ಅತ್ತಿಗೆಯನ್ನು ಇನ್ನೊಬ್ಬ ವೈದ್ಯರ ಬಳಿ ಕರೆದೊಯ್ದೆವು. ಅವರು ರಿಪೋರ್ಟ್ ಓದುವ ಮೊದಲು ಕತ್ತು ಮುಟ್ಟಿ ನೋಡಿದರು, ನೀರು ಕೊಟ್ಟು ನುಂಗಲು ಹೇಳಿದರು. ಟಿರಾಡ್ಸ್ 4ರ ಗಂಟು ಒಂದೂವರೆ ಸೆಂಟಿಮೀಟರ್ ಮುಟ್ಟುವ ತನಕ ಸೂಜಿ ಹಾಕಿ ಪರೀಕ್ಷಿಸುವುದಿಲ್ಲ, ಇದು ಅದರ ಅರ್ಧವೂ ಇಲ್ಲ ಎಂದರು. “ಮಾತ್ರೆ ಬಿಡಬೇಡಿ. ಕತ್ತಿನಲ್ಲಿ ಏನಾದರೂ ಬದಲಾದರೆ ಬನ್ನಿ, ಇಲ್ಲದಿದ್ದರೆ ಇದನ್ನು ಮರೆತುಬಿಡಿ.” ಹೊರಗೆ ಬಂದು ಅತ್ತಿಗೆ ರಿಪೋರ್ಟನ್ನು ನಾಲ್ಕಾಗಿ ಮಡಚಿ ಬ್ಯಾಗಿಗೆ ಹಾಕಿದರು. ಆ ಸಂಜೆ ಅವರೇ ಅಡುಗೆ ಮನೆಗೆ ಹೋಗಿ ಎಲ್ಲರಿಗೂ ಅನ್ನಕ್ಕಿಟ್ಟರು.